ತುಂಬಿಟ್ಟ ಸಿರಿಂಜು

ಪಿಎಸ್‌ಐ ಶೈಲಾ ವಾರ್ಡಿಗೆ ಬಂದಾಗ ಅಮಾತೆಪ್ಪನ ಮೈ ಇನ್ನೂ ಬೆಚ್ಚಗಿತ್ತು. ಎಡಗೈಗೆ ಸಲೈನ್ ಏರಿಸಲು ಕೂರಿಸಿದ್ದ ನಳಿಕೆ. ಅದರ ಬಾಯಿಗೆ ಸಿಕ್ಕಿಸಿದ್ದ ಸಿರಿಂಜು ಹಾಗೇ ನಿಂತಿತ್ತು. ಖಾಲಿ.

"ಯಾರೂ ಏನೂ ಮುಟ್ಟಿಲ್ರಿ. ನಾನೇ ಮುಟ್ಟಬ್ಯಾಡ್ರಿ ಅಂದೇನಿ," ಎಂದರು ಡಾಕ್ಟರ್ ಅನಿಲಕುಮಾರ. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳ ಸಾಲು ಮುಗಿಯುವಲ್ಲಿ ಆ ದವಾಖಾನೆ. ಅವರದೇ.

ಅಮಾತೆಪ್ಪ ಸೀರೆ ನೇಯುವವನು. ವಾಂತಿ, ಭೇದಿ ಎಂದು ಹಿಂದಿನ ದಿನ ಸೇರಿದ್ದ. ಮೈಯಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಆ ಔಷಧವನ್ನು ಸಲೈನ್ ಬಾಟಲಿಗೆ ಬೆರೆಸಿ ಹನಿಹನಿಯಾಗಿ ಕೊಡಬೇಕು. ಯಾರೋ ಅದನ್ನು ಬೆರೆಸದೆ ನೇರವಾಗಿ ನಳಿಕೆಗೆ ಒತ್ತಿದ್ದರು. ಹಾಗೆ ಒತ್ತಿದರೆ ಎದೆಬಡಿತ ಅಲ್ಲೇ ನಿಲ್ಲುತ್ತದೆ ಎಂದು ಡಾಕ್ಟರ್ ವಿವರಿಸಿದರು.

ಶೈಲಾ ಬಗ್ಗಿ ನೋಡಿದಳು. ಮಂಚದ ಪಕ್ಕದ ಟ್ರೇಯಲ್ಲಿ ಒಡೆದ ಪೊಟ್ಯಾಸಿಯಂ ಶೀಶೆ. ಅದರ ಪಕ್ಕದಲ್ಲಿ ವಾಂತಿ ನಿಲ್ಲಿಸುವ ಔಷಧದ ಶೀಶೆ, ಇನ್ನೂ ಒಡೆದಿಲ್ಲ. ಸಿರಿಂಜಿನಿಂದ ಬಿಚ್ಚಿದ ಸೂಜಿಗೆ ಮುಚ್ಚಳ ಹಾಕಿ ಊಟದ ಡಬ್ಬಿಯ ಮೇಲೆ ಇಟ್ಟಿದ್ದರು. ಸಿರಿಂಜಿನ ಒತ್ತುವ ತುದಿಯಲ್ಲಿ ಹೆಬ್ಬೆರಳಿನಷ್ಟು ಕೆಂಪು ಕಲೆ. ರಕ್ತ, ಎಂದುಕೊಂಡಳು.

ಅಮಾತೆಪ್ಪನ ಮಗ ಶಿವಪ್ರಕಾಶ ಗೋಡೆಗೆ ಒರಗಿ ಕುಸಿದಿದ್ದ. ನೂಲಿಗೆ ಬಣ್ಣ ಹಾಕುವ ಕೆಲಸದವನು. ನಸುಕಿನಲ್ಲಿ ನೂಲು ಅದ್ದಿಟ್ಟು ಅಪ್ಪನ ಹತ್ತಿರ ಬಂದು ಕುಳಿತಿದ್ದನಂತೆ. ಪೊಲೀಸರನ್ನು ಕಂಡದ್ದೇ ಎದ್ದು ನಿಂತ.

"ನರ್ಸ್ ಕೊಂದಾಳ್ರಿ ನಮ್ಮಪ್ಪನ್ನ. ಸೂಜಿ ಮಾಡಿ ಓಡಿ ಹೋಗ್ಯಾಳ."

ಯಾವ ನರ್ಸ್? ಶೈಲಾ ವಾರ್ಡಿನವರನ್ನೆಲ್ಲ ಕೇಳಿದಳು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೊಸಾಕಿ ಎಂದರು. ಎತ್ತರದ ಹುಡುಗಿ ಎಂದ ಒಬ್ಬ. ಇಲ್ಲ, ಗಿಡ್ಡಾಕಿ, ಕಣ್ಣಿಗೆ ಚಾಳೀಸು ಹಾಕ್ತಾಳ ಎಂದ ಇನ್ನೊಬ್ಬ. ಮೂರನೆಯವಳು ಹೇಳಿದ್ದು ಕೇರಳದ ನರ್ಸ್ ಒಬ್ಬಳನ್ನು. ಅವಳು ಹೋಗಿ ತಿಂಗಳುಗಳೇ ಆಗಿದ್ದವು. ಬಂದು ಹೋದವರ ಮುಖಗಳೆಲ್ಲ ಜನರ ನೆನಪಿನಲ್ಲಿ ಕಲಸಿಹೋಗಿದ್ದವು. ಉಳಿದದ್ದು ಬಿಳಿ ಕೋಟು ಮಾತ್ರ.

ಹೆಸರು ಹೇಳಿದ್ದು ಡಾಕ್ಟರ್. ನರ್ಗೀಸ. ಹುನಗುಂದದವಳು. ಸೇರಿ ಇನ್ನೂ ತಿಂಗಳೂ ತುಂಬಿರಲಿಲ್ಲ. ತಾವು ಬೆಳಗಿನಿಂದ ಆಪರೇಷನ್ ಕೋಣೆಯಲ್ಲೇ ಇದ್ದುದಾಗಿಯೂ, ಕೂಗು ಕೇಳಿ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದೂ ಹೇಳಿದರು. ಆಮೇಲೆ ನೋಡಿದರೆ ಹುಡುಗಿ ಇರಲಿಲ್ಲ.

ಹೊರಗೆ ನೇಕಾರರ ಓಣಿಯೇ ಬಂದು ನಿಂತಿತ್ತು. ಒಂದು ಕಿಟಕಿಯ ಗಾಜು ಒಡೆಯಿತು. ಶೈಲಾ ಜೀಪು ಹತ್ತಿದಳು.

*

ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನರ್ಗೀಸ ಸಿಕ್ಕಳು. ಇಳಕಲ್ ಬಸ್ಸಿನಿಂದ ಇಳಿದು, ಮನೆಗೆ ಹೋಗಲು ಧೈರ್ಯ ಸಾಲದೆ, ನೀರಿನ ನಲ್ಲಿಯ ಹತ್ತಿರ ನಿಂತಿದ್ದಳು. ಬಿಳಿ ಕೋಟು ಇನ್ನೂ ಮೈಮೇಲಿತ್ತು.

ಆಗ ಶೈಲಾ ಮಾಡಿದ್ದು ಹೀಗೆ. ಹಿಂದಿನಿಂದ ಹೋಗಿ ರಟ್ಟೆ ಹಿಡಿದಳು. ಎಳೆದಳು. ಹುಡುಗಿಯ ತಲೆಯ ಮೇಲಿನ ದುಪಟ್ಟಾ ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳನ್ನು ಬಗ್ಗಲು ಬಿಡಲಿಲ್ಲ.

"ಕೊಂದು ಓಡ್ತೀಯೇನು?" ಎಂದಳು. ಮೆಲ್ಲಗೆ ಅಲ್ಲ.

ಅಷ್ಟು ಸಾಕಾಯಿತು. ಸುತ್ತ ಮೊಬೈಲುಗಳು ಎದ್ದವು. ಜೀಪು ಇಳಕಲ್ ಮುಟ್ಟುವುದರೊಳಗೆ ನರ್ಗೀಸಳ ಬರಿದಲೆಯ ಮುಖ ಜಿಲ್ಲೆಯ ತುಂಬ ಓಡಾಡಿತ್ತು. ಬಾಗಲಕೋಟೆಯಿಂದ ಮೇಲಧಿಕಾರಿ ಫೋನ್ ಮಾಡಿ ಶಾಬಾಶ್ ಎಂದರು. ಶೈಲಾಗೆ ಹಿತವೆನಿಸಿತು.

ಠಾಣೆಯಲ್ಲಿ ನರ್ಗೀಸ ಹೆಚ್ಚು ಮಾತಾಡಲಿಲ್ಲ. ಪೊಟ್ಯಾಸಿಯಂ ಸಿರಿಂಜಿಗೆ ತುಂಬಿದ್ದು ತಾನೇ ಎಂದಳು. ಬಾಟಲಿಗೆ ಹಾಕಲೆಂದೇ ತುಂಬಿದ್ದು. ಅಷ್ಟರಲ್ಲಿ ಹೆರಿಗೆ ಕೋಣೆಯಿಂದ ಕರೆ ಬಂತು. ಟ್ರೇ ಅಲ್ಲೇ ಬಿಟ್ಟು ಓಡಿದಳು. ಮುಂದಿನದು ಗೊತ್ತಿಲ್ಲ.

"ಹಂಗಾರ ಯಾಕ ಓಡಿ ಹೋದಿ?"

"ಡಾಕ್ಟರ್ ಹೇಳಿದ್ರು. ಮಂದಿ ಹೊಡೀತಾರ, ಹಿಂದಿನ ಬಾಗಿಲಲೆ ಹೋಗು, ನಾ ಎಲ್ಲಾ ನೋಡ್ಕೋತೇನಿ ಅಂದ್ರು."

ಶೈಲಾ ನಂಬಲಿಲ್ಲ. ಸಿಕ್ಕಿಬಿದ್ದವರೆಲ್ಲ ಯಾರದೋ ಹೆಸರು ಹೇಳುತ್ತಾರೆ. ತಪ್ಪು ಯಾರದು ಎಂದು ಕೊನೆಯ ಸಲ ಕೇಳಿದಳು.

"ತುಂಬಿದ ಸಿರಿಂಜು ಬಿಟ್ಟು ಹೋಗಬಾರದಿತ್ರಿ. ನಂದ ತಪ್ಪು," ಎಂದಳು ಹುಡುಗಿ. ತಲೆ ಎತ್ತಲಿಲ್ಲ.

ಒಪ್ಪಿಕೊಂಡಳು ಎಂದುಕೊಂಡಳು ಶೈಲಾ.

*

ಮರುದಿನ ಹೆಡ್ ಕಾನ್‌ಸ್ಟೇಬಲ್ ಬಿಲಾಲ ದವಾಖಾನೆಯಿಂದ ಹೇಳಿಕೆಗಳನ್ನು ತೆಗೆದುಕೊಂಡು ಬಂದ. ಅವನ ಮುಖ ಸರಿಯಿರಲಿಲ್ಲ.

ಹೆರಿಗೆ ಕೋಣೆಯ ಬಾಣಂತಿ ರಂಜಾನಬಿ ಹೇಳಿದ್ದು ಇಷ್ಟು. ಹೆರಿಗೆ ಮಾಡಿಸುವ ಡಾಕ್ಟರಮ್ಮ ಬರಲೇ ಇಲ್ಲ. ಇದ್ದವಳು ನರ್ಸ್ ಒಬ್ಬಳೇ. ಕೂಸಿನ ತಲೆ ಹೊರಗೆ ಬಂದಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಆಗಲೇ ವಾರ್ಡಿನಲ್ಲಿ "ಉರಿ, ಉರಿ" ಎಂದು ಮುದುಕನೊಬ್ಬ ಚೀರಿದ್ದು ಕೇಳಿಸಿತು. ನರ್ಸ್ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದಳು. ಆದರೆ ಕೂಸನ್ನು ಬಿಡಲಿಲ್ಲ. ಬಳ್ಳಿ ಬಿಡಿಸಿದಳು.

"ಆಕಿ ಎರಡೂ ಕೈ ನನ್ನ ಕೂಸಿನ ಮ್ಯಾಲ ಇದ್ದುವು ಅಂತ ಬರಕೋರಿ ಅಂದಾಳ್ರಿ ಮೇಡಂ," ಎಂದ ಬಿಲಾಲ.

ಅಮಾತೆಪ್ಪನಿಗೆ ಔಷಧ ಏರುವಾಗ ನರ್ಗೀಸ ಗೋಡೆಯ ಆಚೆ ಒಂದು ಜೀವ ಉಳಿಸುತ್ತಿದ್ದಳು. ಠಾಣೆಯ ಬೆಂಚಿನ ಮೇಲೆ ರಾತ್ರಿಯಿಡೀ ಕೂತಿದ್ದ ಹುಡುಗಿ ಆ ಕೂಸಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಶೈಲಾ ಕೇಳಿಯೂ ಇರಲಿಲ್ಲ.

ಮಗಳನ್ನು ಕರೆದೊಯ್ಯಲು ನರ್ಗೀಸಳ ಅಪ್ಪ ಖಾಸಿಂಸಾಬ ಬಂದ. ಅಡತಿ ಅಂಗಡಿಯಲ್ಲಿ ಕಾಳು ತೂಗುವವನು. ಹೊಸದೊಂದು ದುಪಟ್ಟಾ ತಂದಿದ್ದ. ಮಗಳ ತಲೆಗೆ ಹೊದಿಸಿದ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಶೈಲಾಗೆ. ಏನಾದರೂ ಹೇಳಬೇಕು ಎಂದು ಎದ್ದಳು. ಅವರು ಗೇಟು ದಾಟಿ ಹೋಗಿಯಾಗಿತ್ತು.

ಅದೇ ಮಧ್ಯಾಹ್ನ ಶವಪರೀಕ್ಷೆ ಮಾಡಿದ ಸರ್ಕಾರಿ ವೈದ್ಯರು ಫೋನ್ ಮಾಡಿದರು. ಸಿರಿಂಜಿನ ತಳದಲ್ಲಿ ಉಳಿದ ಹನಿ ಪೊಟ್ಯಾಸಿಯಮ್ಮೇ ಇರಬೇಕು, ಪ್ರಯೋಗಾಲಯಕ್ಕೆ ಕಳಿಸಿದ್ದೇನೆ ಎಂದರು. ಇನ್ನೊಂದು ಮಾತು. ಒತ್ತುವ ತುದಿಯಲ್ಲಿದ್ದ ಕೆಂಪು ಕಲೆಯ ಅಂಚಿಗೆ ಗಾಯ ತೊಳೆಯುವ ಪೆರಾಕ್ಸೈಡ್ ಮುಟ್ಟಿಸಿ ನೋಡಿದ್ದರು. ರಕ್ತವಾದರೆ ನೊರೆ ಬರಬೇಕು. ಬರಲಿಲ್ಲ.

ಹಾಗಾದರೆ ಅದೇನು? ಅವರಿಗೆ ಗೊತ್ತಿರಲಿಲ್ಲ.

*

ಬಿಲಾಲ ಇನ್ನೊಂದು ಸುದ್ದಿ ಹಿಡಿದು ತಂದ. ಅಮಾತೆಪ್ಪ ಸತ್ತ ಬೆಳಿಗ್ಗೆ ದವಾಖಾನೆಗೆ ಹಳೆಯ ನರ್ಸ್ ಒಬ್ಬಳು ಬಂದಿದ್ದಳು. ಸುನಂದಾ. ಡಾಕ್ಟರ ಕೋಣೆಯಲ್ಲಿ ಜಗಳವಾಗಿತ್ತು. "ಈ ದವಾಖಾನಿ ಬಾಗಿಲಾ ಹಾಕಸ್ತೇನಿ" ಎಂದು ಕೂಗಿ ಹೋಗಿದ್ದಳು. ವಾರ್ಡಿನ ಬಾಗಿಲು ಆ ಕೋಣೆಯ ಎದುರಿಗೇ.

ಸಿಟ್ಟಿದ್ದವಳು. ಸೂಜಿ ಹಿಡಿಯಲು ಬಲ್ಲವಳು. ಬಿಳಿ ಕೋಟು ಹಾಕಿದರೆ ಯಾರೂ ಯಾರೆಂದು ಕೇಳದ ವಾರ್ಡು. ಶೈಲಾ ಬಾದಾಮಿಯ ದಾರಿ ಹಿಡಿದಳು.

ಸುನಂದಾ ಬಾದಾಮಿ ಹತ್ತಿರದ ಶಿವಯೋಗ ಮಂದಿರ ಎಂಬ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಮಲಪ್ರಭೆಯ ದಂಡೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಶೈಲಾ ಅಲ್ಲಿಗೇ ಹೋದಳು. ಈ ಸಲ ರಟ್ಟೆ ಹಿಡಿಯಲಿಲ್ಲ. ಕಲ್ಲಿನ ಮೇಲೆ ಕುಳಿತು ಕೇಳಿದಳು.

ಸುನಂದಾ ಮುಚ್ಚಿಡಲಿಲ್ಲ. ಕೆಲಸಕ್ಕೆ ಸೇರುವಾಗಲೇ ಡಾಕ್ಟರ್ ಎಲ್ಲರ ಮೂಲ ಸರ್ಟಿಫಿಕೇಟು ತೆಗೆದಿಟ್ಟುಕೊಳ್ಳುತ್ತಿದ್ದರು, ಬಿಟ್ಟು ಹೋಗದಂತೆ. ತನ್ನದನ್ನು ಕೇಳಲು ಹೋಗಿದ್ದಳು. ಕೊಡಲಿಲ್ಲ. ಕೂಗಾಡಿದಳು. ನೇರ ಬಸ್ ಹತ್ತಿದಳು. ಅದೇ ಬಸ್ಸಿನಲ್ಲಿ ಅಣ್ಣನೂ ಇದ್ದ, ಪಕ್ಕದ ಮನೆಯವರೂ ಇದ್ದರು. ಬಿಲಾಲ ವಿಚಾರಿಸಿದ. ಖರೆ. ಅಮಾತೆಪ್ಪ ಚೀರುವ ಹೊತ್ತಿಗೆ ಅವಳು ಊರು ದಾಟಿದ್ದಳು.

ಶೈಲಾ ಎದ್ದು ಹೊರಡಬಹುದಿತ್ತು. ಆದರೂ ಕೇಳಿದಳು: ಆ ದವಾಖಾನೆಯಲ್ಲಿ ನರ್ಸುಗಳು ಯಾಕೆ ನಿಲ್ಲುವುದಿಲ್ಲ?

ಸುನಂದಾ ಸೀರೆ ಹಿಂಡುವುದನ್ನು ನಿಲ್ಲಿಸಿದಳು. ಮೊದಲು ಪಾಳಿಗೆ ಮೂವರಿದ್ದರಂತೆ. ಒಬ್ಬಳು ಬಿಟ್ಟಳು. ಅವಳ ಕೆಲಸ ಉಳಿದಿಬ್ಬರ ಮೇಲೆ ಬಿತ್ತು. ಅದಕ್ಕೆ ಇನ್ನೊಬ್ಬಳು ಬಿಟ್ಟಳು. ಆಮೇಲೆ ಬಂದವರು ಯಾವ ಔಷಧ ಎಲ್ಲಿದೆ ಎಂದು ಕಲಿಯುವಷ್ಟರಲ್ಲಿ ಸುಸ್ತಾಗಿ ಹೋಗುತ್ತಿದ್ದರು. ರೋಗಿಯ ಹೆಸರು ತಿಳಿಯುವ ಮೊದಲೇ ಪಾಳಿ ಮುಗಿಯುತ್ತಿತ್ತು. ಮತ್ತೆ ಹೊಸಬರು. ಪ್ರತಿ ಸಲ ಮೊದಲಿನಿಂದ.

"ಒಬ್ಬಾಕಿ ಎಷ್ಟು ಮಂಚಕ್ಕ ಓಡ್ತಾಳ್ರಿ? ಕಡೀಕ ರೋಗಿ ಕಡ್ಯಾವ್ರಿಗೇ ಕಲಿಸಾಕ ಹತ್ತಿದ್ವಿ."

"ಏನು ಕಲಿಸಿದ್ರಿ?"

ಸುನಂದಾ ನೀರಿನ ಕಡೆ ತಿರುಗಿದಳು.

"ಸಲೈನ್ ಬಾಟ್ಲಿ ಬದಲಿ ಮಾಡೂದು. ಸೂಜಿ ತಗದು ಸಿರಿಂಜು ನಳಿಕಿಗೆ ಹಚ್ಚಿ ಮೆಲ್ಲಕ ಒತ್ತೂದು. ಡಾಕ್ಟರ್ ಕಲಸ್ರಿ ಅಂದ್ರು. ನಾ ಕಲಿಸಿದ್ನಿ. ಒಂದಿನ ಒಬ್ಬ ಹೆಣ್ಣಮಗಳು ತನ್ನ ಗಂಡಗ ಸೂಜಿ ಒತ್ತೂದು ನೋಡಿ ನನಗ ನಾಚಿಕಿ ಬಂತು. ಮರುದಿನ ಕೆಲಸಾ ಬಿಟ್ನಿ. ನಾ ಕಲಿಸಿದ್ದು ಮಾತ್ರ ಅಲ್ಲೇ ಉಳೀತು."

ಶೈಲಾಳ ಕಣ್ಣಮುಂದೆ ಊಟದ ಡಬ್ಬಿ ಬಂತು. ಅದರ ಮೇಲೆ ಮುಚ್ಚಳ ಹಾಕಿ ಜೋಪಾನವಾಗಿ ಇಟ್ಟ ಸೂಜಿ. ನರ್ಸ್ ಆಗಿದ್ದರೆ ಸೂಜಿ ಎಸೆಯುವ ಡಬ್ಬಕ್ಕೆ ಹಾಕುತ್ತಿದ್ದಳು. ಕೊಲ್ಲಲು ಬಂದವನಾಗಿದ್ದರೆ ಸಿರಿಂಜು ಬಿಟ್ಟು ಹೋಗುತ್ತಿರಲಿಲ್ಲ. ಅದನ್ನು ಹಾಗೆ ಇಟ್ಟವನು ಯಾರೋ ಹೇಳಿಕೊಟ್ಟಷ್ಟನ್ನೇ ಮಾಡಿದವನು.

ಮತ್ತೆ ಆ ಕೆಂಪು. ರಕ್ತವಲ್ಲದ ಕೆಂಪು. ಸೀರೆಯ ನೂಲನ್ನು ಕೆಂಪು ಬಣ್ಣಕ್ಕೆ ಅದ್ದುವ ಇಳಕಲ್ಲಿನಲ್ಲಿ ಅದನ್ನು ಕೇಳಿ ತಿಳಿಯಬೇಕಾದ ಅಗತ್ಯವೇ ಇರಲಿಲ್ಲ.

*

ಅಮಾತೆಪ್ಪನ ಪಕ್ಕದ ಮಂಚದಲ್ಲಿದ್ದವಳು ಲಾಲಬಿ. ಕಾಲು ಮುರಿದುಕೊಂಡು ಮಲಗಿದ್ದ ಮುದುಕಿ. ಮೊದಲ ದಿನ ತಾನು ನಿದ್ದೆಯಲ್ಲಿದ್ದೆ, ಏನೂ ನೋಡಿಲ್ಲ ಎಂದಿದ್ದಳು. ಈಗ ಶೈಲಾ ಅವಳ ಮಂಚದ ಅಂಚಿಗೆ ಕುಳಿತಳು. ನರ್ಗೀಸ ನಿರಪರಾಧಿ ಎಂದು ತನಗೆ ಗೊತ್ತಾಗಿದೆ ಎಂದಳು. ಊರು ಇನ್ನೂ ಅವಳನ್ನೇ ಕೊಲೆಗಡುಕಿ ಎನ್ನುತ್ತಿದೆ ಎಂದಳು.

ಲಾಲಬಿ ಪಕ್ಕದ ಖಾಲಿ ಮಂಚದ ಕಡೆ ತಿರುಗಿದಳು.

"ಅಪ್ಪನ್ನ ಕಳಕೊಂಡ ಹುಡುಗಗ, ನಿನ್ನ ಕೈಯಲೇ ಹೋದಾ ಅಂತ ಹ್ಯಾಂಗ ಹೇಳ್ಲಿ ಬೇಟಿ?" ಎಂದಳು.

ಮುಂದೆ ಎಲ್ಲ ಹೇಳಿದಳು. ಅಮಾತೆಪ್ಪ ವಾಂತಿ ಮಾಡಿಕೊಂಡ. ಮಗ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದ. ನರ್ಸನ್ನು ಕರೆದ, ಯಾರೂ ಬರಲಿಲ್ಲ. ಆಗ ಡಾಕ್ಟರ್ ಬಾಗಿಲಲ್ಲಿ ಹಾದು ಹೋಗುತ್ತಿದ್ದರು. ಹುಡುಗ ಕೈಮುಗಿದ. ಡಾಕ್ಟರ್ ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ನಿಂತೇ ಟ್ರೇಯ ಕಡೆ ಬೆರಳು ತೋರಿಸಿ, ವಾಂತಿ ಸೂಜಿ ತುಂಬಿಟ್ಟಾಳ, ನಿನ್ನೆ ಮಾಡಿದಂಗ ನೀನೇ ಒತ್ತು ಎಂದು ಹೇಳಿ ಹೋದರು.

ಒಂದು ಹೆಜ್ಜೆ ಒಳಗಿಟ್ಟಿದ್ದರೆ ಒಡೆದ ಶೀಶೆ ಯಾವುದು ಎಂದು ಕಾಣುತ್ತಿತ್ತು.

*

ಶಿವಪ್ರಕಾಶ ಮನೆಯ ಹಿತ್ತಲಲ್ಲಿದ್ದ. ಮುಂದೆ ಬಣ್ಣದ ಗಡಿಗೆ. ಬಣ್ಣ ತಣ್ಣಗಾಗಿ ಕೆನೆಗಟ್ಟಿತ್ತು. ನೂಲು ಅದ್ದಿರಲಿಲ್ಲ. ಸುಮ್ಮನೆ ಕುಳಿತಿದ್ದ. ಶೈಲಾ ಅವನ ಬಲಗೈ ಕೇಳಿದಳು. ಕೊಟ್ಟ. ಹೆಬ್ಬೆರಳಿನ ಗೆರೆಗೆರೆಯಲ್ಲೂ ಕೆಂಪು. ನೀರು ತಾಗಿಸಿ ತನ್ನ ಬಿಳಿ ಕರವಸ್ತ್ರಕ್ಕೆ ಒತ್ತಿದಳು. ಅದೇ ಕಲೆ ಮೂಡಿತು.

ಅವನು ವಾದಿಸಲಿಲ್ಲ.

"ಉರಿ, ಉರಿ, ತಗಿಯೋ ಅಂದಾ ನಮ್ಮಪ್ಪ. ತಡಕೋ ಯಪ್ಪಾ, ಇನ್ನೊಂದ ಸ್ವಲ್ಪ ಅಂದ್ನಿ. ಉಳಿದದ್ದನ್ನೂ ಒತ್ತಿದ್ನಿ."

ಅದಾದ ಮೇಲೆ ಡಾಕ್ಟರ್ ಅವನನ್ನು ತಮ್ಮ ಕೋಣೆಗೆ ಎಳೆದೊಯ್ದಿದ್ದರು. ಕೊಂದವನು ನೀನು ಎಂದು ಊರಿಗೆ ಗೊತ್ತಾದರೆ ತಾಯಿಯ ಮುಂದೆ ಹೇಗೆ ನಿಲ್ಲುತ್ತೀ ಎಂದು ಕೇಳಿದ್ದರು. ನರ್ಸ್ ಕೊಟ್ಟಳು ಎನ್ನು, ನಾನೂ ಅದನ್ನೇ ಹೇಳುತ್ತೇನೆ ಎಂದಿದ್ದರು. ಅವನು ಹೊರಗೆ ಬಂದು ಕೂಗಿದ. ಜೋರಾಗಿ ಕೂಗಿದಷ್ಟೂ ತನಗೇ ನಂಬಿಕೆ ಬಂದಂತಾಗುತ್ತಿತ್ತಂತೆ.

ಬಾಗಿಲ ಹಿಂದೆ ಅವನ ತಾಯಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಶೈಲಾ ನೋಡಿದಳು. ಅವನೂ ನೋಡಿದ. ತಾಯಿ ಬಂದು ಅವನ ತಲೆಯ ಮೇಲೆ ಕೈಯಿಟ್ಟಳು. ಅವನಿಗೆ ಅದನ್ನು ತಾಳಲಾಗಲಿಲ್ಲ. ತಾನೇ ಎದ್ದು ಜೀಪಿನ ಕಡೆ ನಡೆದ.

*

ಡಾಕ್ಟರ್ ಅನಿಲಕುಮಾರ ಕುರ್ಚಿಯಿಂದ ಏಳಲಿಲ್ಲ. ಹುಡುಗ ದುಃಖದಲ್ಲಿ ಏನೋ ಹೇಳುತ್ತಾನೆ, ಪಕ್ಕದ ಮಂಚದ ಮುದುಕಿಗೆ ಅರಳುಮರಳು ಎಂದರು. ನಾನು ಆಪರೇಷನ್ ಕೋಣೆಯಲ್ಲಿದ್ದೆನಲ್ಲ ಎಂದರು.

"ಆಪರೇಷನ್‌ನ್ಯಾಗ ನಿಮ್ಮ ಜೋಡಿ ನಿಂತಾವ್ರು ಯಾರು ಡಾಕ್ಟ್ರ?" ಎಂದು ಕೇಳಿದಳು ಶೈಲಾ.

ಅವರು ನರ್ಸ್ ಎಂದರು.

ಶೈಲಾ ಒಂದೊಂದಾಗಿ ಹೇಳಿದಳು. ಆ ಬೆಳಿಗ್ಗೆ ಇಡೀ ದವಾಖಾನೆಗೆ ಇದ್ದವಳು ಒಬ್ಬಳೇ ನರ್ಸ್. ಅವಳು ಹೆರಿಗೆ ಕೋಣೆಯಲ್ಲಿದ್ದಳು. ನರ್ಸ್ ಇಲ್ಲದೆ ಆಪರೇಷನ್ ನಡೆಯಲು ಸಾಧ್ಯವಿಲ್ಲ. ನಡೆದಿದ್ದರೆ ಆ ರೋಗಿ ಇರಬೇಕು. ಬಿಲಾಲ ಹುಡುಕಿದ, ಅಂಥ ರೋಗಿಯೇ ಇಲ್ಲ. ಸುನಂದಾಳ ಜೊತೆ ಜಗಳವಾದದ್ದೂ ಅದೇ ಬೆಳಿಗ್ಗೆ, ಇದೇ ಕೋಣೆಯಲ್ಲಿ. ಸಿರಿಂಜನ್ನು ಯಾರೂ ಮುಟ್ಟದಂತೆ ಹಾಗೇ ಉಳಿಸಿದ್ದು ಕಾನೂನಿನ ಮೇಲಿನ ಗೌರವದಿಂದಲ್ಲ. ಪೊಲೀಸರ ಕಣ್ಣಿಗೆ ಅದು ನರ್ಸಿನ ಕೆಲಸವಾಗಿ ಕಾಣಲಿ ಎಂದು. ನರ್ಗೀಸಳನ್ನು ಹಿಂದಿನ ಬಾಗಿಲಿನಿಂದ ಕಳಿಸಿದ್ದು ಅವಳನ್ನು ಕಾಯಲು ಅಲ್ಲ. ಓಡಿಹೋದವಳು ಅಪರಾಧಿಯಂತೆ ಕಾಣುತ್ತಾಳೆ.

"ನನ್ನಂಥಾಕಿ ಅದನ್ನ ನಂಬ್ತಾಳ ಅಂತನೂ ನಿಮಗ ಗೊತ್ತಿತ್ತು," ಎಂದಳು ಕೊನೆಗೆ.

ಡಾಕ್ಟರ್ ಕಿಟಕಿಯ ಒಡೆದ ಗಾಜನ್ನು ನೋಡುತ್ತಿದ್ದರು. "ನಾ ಏನ್ ಮಾಡ್ಲಿ ಹೇಳ್ರಿ. ಇಲ್ಲೇ ಕಲೀತಾರ, ಹುಬ್ಬಳ್ಳಿಗೆ ಹೋಗ್ತಾರ, ದುಬೈಗೆ ಹೋಗ್ತಾರ. ಯಾರೂ ನಿಲ್ಲವಲ್ರು," ಎಂದರು. ದನಿ ಸಣ್ಣದಾಗಿತ್ತು.

ನಿಲ್ಲುವಂತೆ ಏನು ಮಾಡಿದಿರಿ ಎಂದು ಶೈಲಾ ಕೇಳಿದಳು. ಬಿಲಾಲ ಬೀರು ತೆಗೆಸಿ ನರ್ಸುಗಳ ಸರ್ಟಿಫಿಕೇಟುಗಳನ್ನೆಲ್ಲ ವಶಕ್ಕೆ ತೆಗೆದುಕೊಂಡ. ಡಾಕ್ಟರನ್ನು ಹೊರಗೆ ಕರೆತಂದಾಗ ಹೊರಗಿದ್ದವರು ಮೊಬೈಲು ಎತ್ತಿದರು. ಶೈಲಾ ಅವರಿಗೆ ಕೆಳಗಿಳಿಸಲು ಹೇಳಿದಳು. ಡಾಕ್ಟರ ಮುಖಕ್ಕೆ ಟವೆಲ್ ಕೊಡಿಸಿದಳು. ಕೊಡಿಸುವಾಗ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ದುಪಟ್ಟಾ ನೆನಪಾಯಿತು.

*

ಸರ್ಟಿಫಿಕೇಟು ಕೊಡುವ ನೆಪದಲ್ಲಿ ಶೈಲಾ ಹುನಗುಂದಕ್ಕೆ ಹೋದಳು. ಸಾದಾ ಸೀರೆ ಉಟ್ಟು ಹೋದಳು. ಖಾಸಿಂಸಾಬ ಕಟ್ಟೆಯ ಮೇಲೆ ಕೂರಲು ಹೇಳಿದ, ಚಹಾ ತರಿಸಿದ. ನರ್ಗೀಸ ಬಾಗಿಲಲ್ಲಿ ನಿಂತಳು. ಯಾರು ಮಾಡಿದರು, ಹೇಗೆ ಗೊತ್ತಾಯಿತು ಎಂದು ಶೈಲಾ ಎಲ್ಲವನ್ನೂ ಹೇಳಿದಳು. ನರ್ಗೀಸ ಸರ್ಟಿಫಿಕೇಟು ತೆಗೆದುಕೊಂಡಳು, ನೋಡಲಿಲ್ಲ.

"ಶಿವಪ್ರಕಾಶ ಅಣ್ಣಾ ಈಗೆಲ್ಲಿ ಅದಾನ್ರಿ?" ಎಂದು ಕೇಳಿದಳು.

ಇವತ್ತು ಇಲ್ಲಿಯ ಕೋರ್ಟಿಗೆ ತಂದಿದ್ದಾರೆ ಎಂದಳು ಶೈಲಾ. ಊಟ ಬಿಟ್ಟಿದ್ದಾನೆ. ಯಾರೊಂದಿಗೂ ಮಾತಾಡುವುದಿಲ್ಲ.

ನರ್ಗೀಸ ಒಳಗೆ ಹೋದಳು. ಚಪ್ಪಲಿ ಮೆಟ್ಟಿಕೊಂಡು ಬಂದಳು. ಅಪ್ಪ ಬೇಡ ಎಂದ. ಅವಳು ಆಗಲೇ ಮೆಟ್ಟಿಲು ಇಳಿದಿದ್ದಳು.

ಕೋರ್ಟಿನ ಪಡಸಾಲೆಯಲ್ಲಿ ಶಿವಪ್ರಕಾಶ ಪೊಲೀಸರ ನಡುವೆ ನೆಲ ನೋಡುತ್ತ ಕುಳಿತಿದ್ದ. ನರ್ಗೀಸ ಎದುರು ನಿಂತಾಗ ಗುರುತು ಹಿಡಿದ. ಮುಖ ಮುಚ್ಚಿಕೊಂಡ.

"ಬಾಟ್ಲಿಗೆ ಹಾಕಿಟ್ಟೇ ಹೋಗಬೇಕಿತ್ತು ನಾ. ಕೂಸು ಬರಾಕತ್ತಿತ್ತು, ಓಡಿದ್ನಿ," ಎಂದಳು ಅವಳು. "ನಿಮ್ಮಪ್ಪ ಚೀರಿದ್ದು ನನಗೂ ಕೇಳಿಸ್ತು. ಊಟಾ ಮಾಡು."

ಅವನು ಕೈ ತೆಗೆಯಲಿಲ್ಲ. ಬೆರಳ ಸಂದಿಯಿಂದ ನೀರು ಇಳಿಯಿತು. ಅವಳು ಸ್ವಲ್ಪ ಹೊತ್ತು ನಿಂತು ಹೊರಗೆ ಬಂದಳು.

ಶೈಲಾ ಅವಳ ಜೊತೆ ನಡೆದಳು. ಇಳಕಲ್ಲಿನಿಂದ ಹೊತ್ತು ತಂದ ಮಾತನ್ನು ಇನ್ನೂ ಆಡಿರಲಿಲ್ಲ. ವಕೀಲರು, ಕಕ್ಷಿದಾರರು ಓಡಾಡುತ್ತಿದ್ದ ಆ ಗೇಟಿನ ಹತ್ತಿರ, ನಾಲ್ಕು ಜನರ ಕಿವಿಗೆ ಬೀಳುವಂತೆ, ನಿಂತು ಹೇಳಿದಳು.

"ನರ್ಗೀಸ, ನಾ ತಪ್ಪು ಮಾಡೇನಿ. ಕೇಳಬೇಕಾದ್ದನ್ನ ಕೇಳಲಿಲ್ಲ. ನಿನ್ನ ದುಪಟ್ಟಾ ಬಿದ್ದಿದ್ದು ನೋಡೇನಿ, ಎತ್ತಿಕೊಳ್ಳಾಕ ಬಿಡಲಿಲ್ಲ. ನನ್ನ ಕ್ಷಮಾ ಮಾಡು."

ನರ್ಗೀಸ ಪೂರ್ತಿ ಕೇಳಿಸಿಕೊಂಡಳು. ಶೈಲಾಳ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. ಇರಲಿ ಬಿಡ್ರಿ ಎಂದು ಮಾತ್ರ ಅನ್ನಲಿಲ್ಲ. ಕೇಳಿಸಿತು ಎಂಬಂತೆ ತಲೆಯಾಡಿಸಿ, ರಸ್ತೆ ದಾಟಿ, ಮನೆಯ ಕಡೆ ಹೋದಳು.